ಮಕ್ಕಳ ಜೊತೆ ನೋಡುವ ಸಿನಿಮಾದಲ್ಲಿ ದೊಡ್ಡವರ ಪಾಠ ಹುಡುಕುವುದು ಹೇಗೆ?

ಮನೆಮಂದಿಯೆಲ್ಲ ಕೂತು ಸಿನಿಮಾ ನೋಡಿ ಮುಗಿಸಿದ ಮೇಲೆ “ಇದರಿಂದ ಏನು ಕಲಿತೆ?” ಎಂದು ಮಕ್ಕಳನ್ನು ಕೇಳುವುದು ನಮ್ಮಲ್ಲಿ ರೂಢಿ. ಅದೇ ಪ್ರಶ್ನೆಯನ್ನು ದೊಡ್ಡವರು ತಮಗೆ ತಾವೇ ಹಾಕಿಕೊಳ್ಳುವುದು ಅಪರೂಪ. ಒಳ್ಳೆಯ ಕುಟುಂಬ ಚಿತ್ರಗಳನ್ನು ಗಮನವಿಟ್ಟು ನೋಡಿ: ಎಡವುವವರು ಹೆಚ್ಚಾಗಿ ದೊಡ್ಡವರೇ. ಅಪ್ಪ ಹೆದರಿ ಬೇಲಿ ಕಟ್ಟುತ್ತಾನೆ, ಅಣ್ಣ ಮುಚ್ಚಿಡುತ್ತಾನೆ, ಹಿರಿಯರು ಮಾತಾಡಬೇಕಾದಾಗ ಸುಮ್ಮನಿರುತ್ತಾರೆ. ಅದರ ಬೆಲೆ ತೆರುವುದು ಮಗು.

ಹಾಗಾಗಿ ಇಲ್ಲಿ ಹೇಳುವ ವಿಧಾನ ನಿಂತಿರುವುದು ಒಂದೇ ನಿಯಮದ ಮೇಲೆ. ಪಾತ್ರಗಳು ಬಾಯಿಬಿಟ್ಟು ಹೇಳುವ ನೀತಿಯನ್ನು ಪಕ್ಕಕ್ಕಿಡಿ. ದೊಡ್ಡವರ ಪಾತ್ರ ಏನು ಮಾಡಿತು, ಅದರ ಪೆಟ್ಟು ಯಾರಿಗೆ ಬಿತ್ತು ಎಂಬುದನ್ನು ಹಿಂಬಾಲಿಸಿ. ಕೊನೆಗೆ ಅದನ್ನು ನಿಮ್ಮ ಮನೆಯಲ್ಲಿ ಒಂದು ವಾರದೊಳಗೆ ಮಾಡಬಹುದಾದ ಒಂದೇ ಒಂದು ಕೆಲಸಕ್ಕೆ ಇಳಿಸಿ. ಉದಾಹರಣೆಗೆ 2003ರಲ್ಲಿ ಬಂದ, ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿದ ಪಿಕ್ಸಾರ್ ಚಿತ್ರ ‘ಫೈಂಡಿಂಗ್ ನೀಮೋ’ವನ್ನು ಉದ್ದಕ್ಕೂ ಬಳಸಿದ್ದೇವೆ. ಅಪ್ಪ-ಮಗನ ಸಂಬಂಧವನ್ನು ಇಷ್ಟು ಬಿಚ್ಚಿಟ್ಟು ತೋರಿಸುವ ಮಕ್ಕಳ ಸಿನಿಮಾಗಳು ಕಡಿಮೆ. ನಡುವೆ ಎರಡು ಕನ್ನಡ ಚಿತ್ರಗಳೂ ಬರುತ್ತವೆ. ಕಥೆಗಳ ಕೊನೆಯನ್ನೂ ಹೇಳಿಯೇ ಮುಂದುವರಿಯುತ್ತೇವೆ.

ಹಂತ 1: ಸಿನಿಮಾ ಆರಿಸುವುದು

ಎಲ್ಲ ಸಿನಿಮಾಕ್ಕೂ ಈ ಕೆಲಸ ಒಗ್ಗುವುದಿಲ್ಲ. ದೊಡ್ಡವರು ಬರೀ ನಗಿಸಲು ಬಂದು ಹೋಗುವ, ಇಲ್ಲವೇ ಮೊದಲ ದೃಶ್ಯದಿಂದ ಕೊನೆಯವರೆಗೂ ದೇವರಂಥವರಾಗಿಯೇ ಉಳಿಯುವ ಚಿತ್ರದಲ್ಲಿ ಸಿಗುವುದು ಕಡಿಮೆ. ಕನಿಷ್ಠ ಒಬ್ಬ ದೊಡ್ಡವನು ತಪ್ಪು ತೀರ್ಮಾನ ತೆಗೆದುಕೊಳ್ಳಬೇಕು, ಆ ತಪ್ಪಿನ ಫಲ ತೆರೆಯ ಮೇಲೆ ಕಾಣಬೇಕು, ಮುಂದೆ ಅಂಥದ್ದೇ ಸಂದರ್ಭ ಅವನಿಗೆ ಇನ್ನೊಮ್ಮೆ ಎದುರಾಗಬೇಕು. ಮೂರನೆಯದು ಇಲ್ಲದಿದ್ದರೆ ಅವನು ಬದಲಾದನೋ ಇಲ್ಲವೋ ಎಂದು ತೂಗಲು ನಿಮ್ಮ ಕೈಯಲ್ಲಿ ತಕ್ಕಡಿಯೇ ಇರುವುದಿಲ್ಲ.

ಈಗಾಗಲೇ ನೋಡಿರುವ ಸಿನಿಮಾ ಆದರೆ ಇನ್ನೂ ಒಳ್ಳೆಯದು. ಮುಂದೇನಾಗುತ್ತದೋ ಎಂಬ ಕುತೂಹಲ ತಣಿದಿರುವುದರಿಂದ ಕಣ್ಣು ಮುಖಗಳ ಮೇಲೆ ನಿಲ್ಲುತ್ತದೆ.

ಹಂತ 2: ಮೊದಲ ಸಲ ಪೆನ್ನು ಮುಟ್ಟಬೇಡಿ

ಮೊದಲ ಸಲ ಮಕ್ಕಳ ಜೊತೆ, ಮಂಡಕ್ಕಿ ತಿನ್ನುತ್ತ, ಸುಮ್ಮನೆ ನೋಡಿ. ನಡುವೆ ನಿಲ್ಲಿಸಿ “ನೋಡಿದ್ಯಾ, ಹೇಳಿದ ಮಾತು ಕೇಳದಿದ್ದರೆ ಹೀಗೇ ಆಗೋದು” ಅನ್ನಬೇಡಿ. ಒಮ್ಮೆ ಹಾಗೆ ಹೇಳಿದರೆ ಉಳಿದ ಸಿನಿಮಾ ಮಗುವಿಗೆ ಪಾಠದ ಪೀರಿಯಡ್ ಆಗಿಬಿಡುತ್ತದೆ. ಮುಂದಿನ ಸಲ ಕರೆದರೆ ಬರುವುದೂ ಇಲ್ಲ.

ಈ ಸುತ್ತಿನಲ್ಲಿ ನಿಮ್ಮ ಮೈ ಎಲ್ಲಿ ಬಿಗಿಯಾಯಿತು, ಎಲ್ಲಿ ಕಣ್ಣು ತುಂಬಿತು, ಮುಖ್ಯವಾಗಿ ಎಲ್ಲಿ ಕಿರಿಕಿರಿಯಾಗಿ ಫೋನು ನೋಡಬೇಕೆನಿಸಿತು ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು. ಕಣ್ಣೀರಿಗೆ ಹಿನ್ನೆಲೆ ಸಂಗೀತವೂ ಕಾರಣವಿರಬಹುದು, ಆದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಕಿರಿಕಿರಿ ಹಾಗಲ್ಲ. ಪಾತ್ರವೊಂದರ ನಡತೆ ಸಹಿಸಲಾಗದಷ್ಟು ಕಾಡಿದರೆ, ಆ ನಡತೆ ನಿಮ್ಮದೋ ನಿಮ್ಮ ಹತ್ತಿರದವರದೋ ಆಗಿರುವುದು ಬಹಳ ಸಲ. ಆ ದೃಶ್ಯದಿಂದಲೇ ಎರಡನೆಯ ಸುತ್ತು ಶುರು ಮಾಡಬಹುದು.

ಹಂತ 3: ಎರಡನೆಯ ಸಲ ಒಬ್ಬರೇ, ನೋಟ್‌ಬುಕ್ ಹಿಡಿದು

ಎರಡು ಮೂರು ದಿನದೊಳಗೆ ಕೂತುಕೊಳ್ಳಿ. ವಾರ ದಾಟಿದರೆ ನೆನಪಿನಲ್ಲಿ ಉಳಿಯುವುದು ಹಾಡು, ಹಾಸ್ಯ, ಕೊನೆಯ ದೃಶ್ಯ ಮಾತ್ರ. ಇಡೀ ಸಿನಿಮಾ ನೋಡಬೇಕಿಲ್ಲ. 100 ನಿಮಿಷದ ಚಿತ್ರವಾದರೆ ದೊಡ್ಡವರು ತೀರ್ಮಾನ ತೆಗೆದುಕೊಳ್ಳುವ ಆರರಿಂದ ಎಂಟು ದೃಶ್ಯಗಳಿಗೆ ಓಡಿಸಿಕೊಂಡು ಹೋಗಿ. ಮುಕ್ಕಾಲು ಗಂಟೆ ಸಾಕು. ಸಬ್‌ಟೈಟಲ್ ಹಾಕಿಕೊಳ್ಳಿ. ಮಾತು ಓದಲು ಸಿಕ್ಕಾಗ ಅದರ ಹಿಂದಿನ ಹೆದರಿಕೆ ಬೇಗ ಕಾಣುತ್ತದೆ.

ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ: ಎಷ್ಟನೆಯ ನಿಮಿಷ, ಏನು ಮಾಡಿದ, ಆ ಹೊತ್ತಿಗೆ ಅವನಿಗೆ ಏನು ಗೊತ್ತಿತ್ತು, ಪೆಟ್ಟು ಯಾರಿಗೆ ಬಿತ್ತು. ಎರಡನೆಯ ಕಾಲಂನಲ್ಲಿ ಕ್ರಿಯಾಪದ ಬರಲೇಬೇಕು. “ಅತಿ ಕಾಳಜಿಯ ಅಪ್ಪ” ಅಂದರೆ ಅದು ತೀರ್ಪು. “ಗೆಳೆಯರ ಎದುರು ಮಗನನ್ನು ಬೈದ” ಅಂದರೆ ನಡೆದದ್ದು. ಮೂರನೆಯ ಕಾಲಂ ಬಿಟ್ಟವರು ಪಾತ್ರದ ಮೇಲೆ ಕೂಗಾಡಿ ಮುಗಿಸುತ್ತಾರೆ. ಪ್ರೇಕ್ಷಕರಿಗೆ ಎಲ್ಲ ಗೊತ್ತು, ಪಾತ್ರಕ್ಕೆ ಅಷ್ಟು ಗೊತ್ತಿಲ್ಲ ಎಂಬ ವ್ಯತ್ಯಾಸವನ್ನು ಹಿಡಿದಿಡುವ ಜಾಗ ಅದೊಂದೇ.

‘ಫೈಂಡಿಂಗ್ ನೀಮೋ’ವನ್ನು ಹೀಗೆ ತುಂಬಿಸಿ ನೋಡೋಣ. ಶುರುವಿನಲ್ಲೇ ಬ್ಯಾರಕೂಡ ಮೀನು ದಾಳಿ ಮಾಡಿ ಅಪ್ಪ ಮೀನು ಮಾರ್ಲಿನ್‌ನ ಹೆಂಡತಿಯನ್ನೂ 400ಕ್ಕೂ ಹೆಚ್ಚು ಮೊಟ್ಟೆಗಳನ್ನೂ ನುಂಗುತ್ತದೆ. ಉಳಿಯುವುದು ಒಂದೇ, ಅದೂ ಬಿರುಕು ಬಿಟ್ಟ ಮೊಟ್ಟೆ. ಈ ಮಗುವಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆ ಎಂದು ಮಾರ್ಲಿನ್ ಮಾತು ಕೊಡುತ್ತಾನೆ. ಮೂರನೆಯ ಕಾಲಂ ಇಲ್ಲಿ ಮುಖ್ಯ: ಸಮುದ್ರ ಅಪಾಯದ ಜಾಗ ಎಂದು ಅವನಿಗೆ ಗೊತ್ತಿತ್ತು, ಅದು ಸುಳ್ಳೂ ಅಲ್ಲ. ಅವನ ಹೆದರಿಕೆಗೆ ಕಾರಣವಿದೆ. ಇದನ್ನು ಬರೆಯದೆ ಮುಂದೆ ಹೋದರೆ “ಭಯ ಬಿಡಿ” ಎಂಬ ಪೊಳ್ಳು ಪಾಠ ಸಿಗುತ್ತದೆ.

ಮುಂದೆ ಶಾಲೆಯ ಮೊದಲ ದಿನ. ಆ ಮೊಟ್ಟೆಯಿಂದ ಬಂದ ಮಗ ನೀಮೋನ ಒಂದು ಈಜುರೆಕ್ಕೆ ಚಿಕ್ಕದು. ಮಾರ್ಲಿನ್ ಹಿಂದೆಯೇ ಹೋಗಿ, ಗೆಳೆಯರ ಮುಂದೆ, ನಿನ್ನ ಕೈಲಿ ಇದೆಲ್ಲ ಆಗುವುದಿಲ್ಲ ಎಂಬರ್ಥದಲ್ಲಿ ಬೈಯುತ್ತಾನೆ. ಅವಮಾನಗೊಂಡ ಮಗ ಅದೇ ಹಟಕ್ಕೆ ತೆರೆದ ನೀರಿಗೆ ಈಜಿ, ದೂರದಲ್ಲಿದ್ದ ದೋಣಿ ಮುಟ್ಟಿ ಬರುವಾಗ ಮುಳುಗುಗಾರನ ಕೈಗೆ ಸಿಕ್ಕಿ, ಸಿಡ್ನಿಯ ಹಲ್ಲಿನ ಡಾಕ್ಟರ ಅಕ್ವೇರಿಯಂ ಸೇರುತ್ತಾನೆ. ಪೆಟ್ಟು ಮಗನಿಗೆ. ಕಾರಣ ಹೆದರಿಕೆಯಲ್ಲ, ಹೆದರಿಕೆಯನ್ನು “ನಿನಗೆ ಯೋಗ್ಯತೆಯಿಲ್ಲ” ಎಂಬ ಮಾತಾಗಿ ಹೇಳಿದ್ದು. ಈ ವ್ಯತ್ಯಾಸ ಕಂಡರೆ ಅರ್ಧ ಕೆಲಸ ಮುಗಿದಂತೆ.

ಮಗನನ್ನು ಹುಡುಕುವ ದಾರಿಯಲ್ಲಿ ಮಾರ್ಲಿನ್‌ಗೆ ಸಿಕ್ಕ ಡೋರಿ ಎಂಬ ಮೀನಿಗೆ ಮರೆವು. ಕಮರಿ ಬಂದಾಗ ಅದರ ಒಳಗೆ ಹೋಗಿ, ಮೇಲೆ ಹೋಗಬೇಡಿ ಎಂದು ಮೀನಿನ ಹಿಂಡೊಂದು ಅವಳಿಗೆ ಹೇಳಿರುತ್ತದೆ. ಅವಳು ಹಾಗೆಯೇ ಹೇಳಿದರೂ ಮಾರ್ಲಿನ್ ನಂಬುವುದಿಲ್ಲ. ಅವಳ ಮರೆವನ್ನೇ ಬಳಸಿ ಗಮನ ಬೇರೆಡೆ ಸೆಳೆದು ಮೇಲಕ್ಕೆ ಕರೆದೊಯ್ಯುತ್ತಾನೆ. ಮೇಲೆ ಜೆಲ್ಲಿ ಮೀನುಗಳ ಹಿಂಡು. ಸಾಯುವಷ್ಟು ಕುಟುಕಿಸಿಕೊಳ್ಳುವವಳು ಡೋರಿ. ಬಹಳ ಜನ ಈ ದೃಶ್ಯವನ್ನು ಸಾಹಸವೆಂದು ನೋಡಿ ಮುಂದೆ ಹೋಗುತ್ತಾರೆ. ನಮ್ಮ ಪ್ರಕಾರ ಇಡೀ ಚಿತ್ರದಲ್ಲಿ ದೊಡ್ಡವರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಒಬ್ಬರಲ್ಲಿ ಒಂದು ಕೊರತೆಯಿದೆ ಎಂದು ಗೊತ್ತಾದ ಮೇಲೆ ಅವರು ಹೇಳುವ ಯಾವ ಮಾತನ್ನೂ ಕಿವಿಗೆ ಹಾಕಿಕೊಳ್ಳದಿರುವುದು ಮನೆಗಳಲ್ಲಿ ದಿನವೂ ನಡೆಯುತ್ತದೆ. ಇಂಗ್ಲಿಷ್ ಬಾರದ ಅತ್ತೆ, ಓದಿನಲ್ಲಿ ಹಿಂದೆ ಬಿದ್ದ ಮಗ, ಕಿವಿ ಮಂದವಾದ ತಾತ ಏನಾದರೂ ಹೇಳಿದರೆ “ಅವರಿಗೇನು ಗೊತ್ತಾಗುತ್ತೆ” ಅನ್ನುವುದು.

ಹಂತ 4: ಜೋಡಿ ದೃಶ್ಯ ಹುಡುಕಿ

ಒಂದು ದೃಶ್ಯದಿಂದ ಪಾಠ ಮಾಡಬೇಡಿ. ಎರಡು ಬೇಕು. ಒಂದೇ ಸಮಸ್ಯೆಗೆ ಇಬ್ಬರು ಬೇರೆ ಬೇರೆ ರೀತಿ ನಡೆದುಕೊಳ್ಳುವ ಜೋಡಿಯಾದರೂ ಸರಿ, ಒಬ್ಬನೇ ಮೊದಲು ಒಂದು ರೀತಿ, ಆಮೇಲೆ ಇನ್ನೊಂದು ರೀತಿ ನಡೆದುಕೊಳ್ಳುವ ಜೋಡಿಯಾದರೂ ಸರಿ.

ಮೊದಲ ಬಗೆಗೆ ಅಕ್ವೇರಿಯಂನ ಮೀನು ಗಿಲ್ ಇದ್ದಾನೆ. ನೀಮೋ ಫಿಲ್ಟರಿನ ಕೊಳವೆಯಲ್ಲಿ ಸಿಕ್ಕಿಬೀಳುತ್ತಾನೆ. ಉಳಿದವರು ಎಳೆಯಲು ಹೋದರೆ ಗಿಲ್ ತಡೆಯುತ್ತಾನೆ. ಸಿಕ್ಕಿಕೊಂಡವನು ನೀನು, ಬಿಡಿಸಿಕೊಳ್ಳುವವನೂ ನೀನೇ ಎಂದು, ರೆಕ್ಕೆ-ಬಾಲ ಹೇಗೆ ಆಡಿಸಬೇಕೆಂದು ಹೇಳಿಕೊಡುತ್ತಾನೆ. ಅವನದೇ ಒಂದು ರೆಕ್ಕೆ ಹರಿದಿದೆ. ಆದರೆ ಗಿಲ್‌ನನ್ನು ಆದರ್ಶ ಗುರುವಾಗಿ ಕೂರಿಸುವ ಮುನ್ನ ಮುಂದೆ ನೋಡಿ. ತಪ್ಪಿಸಿಕೊಳ್ಳುವ ತನ್ನ ಯೋಜನೆಗಾಗಿ ಅದೇ ಮಗುವನ್ನು ಫಿಲ್ಟರಿನ ಒಳಗೆ ಕಲ್ಲು ಸಿಕ್ಕಿಸಲು ಕಳಿಸುತ್ತಾನೆ. ಕಲ್ಲು ಜಾರುತ್ತದೆ, ನೀಮೋ ಸಾಯುವುದು ಸ್ವಲ್ಪದರಲ್ಲಿ ತಪ್ಪುತ್ತದೆ. ಧೈರ್ಯ ಕಲಿಸುವುದು ಬೇರೆ, ತನ್ನ ಆಸೆಗೆ ಮಗುವಿನ ಧೈರ್ಯ ಬಳಸಿಕೊಳ್ಳುವುದು ಬೇರೆ. ತಾವು ಓದಲಾಗದ ಕೋರ್ಸಿಗೆ ಮಕ್ಕಳನ್ನು ತಳ್ಳುವ ತಂದೆತಾಯಿಗೆ ಮಾರ್ಲಿನ್‌ಗಿಂತ ಗಿಲ್ ಹತ್ತಿರ.

ಎರಡನೆಯ ಬಗೆಗೆ ಶುರು ಮತ್ತು ಕೊನೆ. ಶುರುವಿನಲ್ಲಿ ಶಾಲೆಗೆ ಹೊರಡಲು ಮಗ ಅಪ್ಪನನ್ನು ಎಬ್ಬಿಸುತ್ತಾನೆ, ಕೊನೆಯಲ್ಲಿ ಅಪ್ಪ ಮಗನನ್ನು. ಇನ್ನೂ ಬಿಗಿಯಾದ ಜೋಡಿ ಬೇಕೆಂದರೆ, ಅಪ್ಪ-ಮಗ ಮತ್ತೆ ಸೇರಿದ ಮೇಲೆ ಬರುವ ಮೀನುಗಾರರ ಬಲೆಯ ದೃಶ್ಯ. ಬಲೆಯೊಳಗಿನ ಮೀನುಗಳೆಲ್ಲ ಒಟ್ಟಿಗೆ ಕೆಳಕ್ಕೆ ಈಜುವಂತೆ ಹೇಳಲು ತಾನು ಒಳಗೆ ಹೋಗಬೇಕು ಎನ್ನುತ್ತಾನೆ ನೀಮೋ. ಅಪಾಯ ಮೊದಲಿನಷ್ಟೇ ಇದೆ, ಮಗನ ರೆಕ್ಕೆಯೂ ಅಷ್ಟೇ ಚಿಕ್ಕದು. ಮಾರ್ಲಿನ್ ಮೊದಲು ಬೇಡವೆಂದು, ಆಮೇಲೆ ಬಿಡುತ್ತಾನೆ. ಬದಲಾದದ್ದು ಅವನ ನಿರ್ಧಾರ ಒಂದೇ ಎಂದು ಇಲ್ಲಿ ಖಚಿತವಾಗುತ್ತದೆ.

ಈ ಎರಡರ ನಡುವೆ ಆಮೆಗಳ ದೃಶ್ಯವಿದೆ. ಮರಿಯಾಮೆ ಪ್ರವಾಹದಿಂದ ಹೊರಕ್ಕೆ ಎಸೆಯಲ್ಪಟ್ಟಾಗ ಮಾರ್ಲಿನ್ ಧಾವಿಸುತ್ತಾನೆ. ಮರಿಯ ಅಪ್ಪ ಕ್ರಷ್, 150 ವರ್ಷದ ಆಮೆ, ಅವನನ್ನು ತಡೆದು ಮರಿ ಏನು ಮಾಡುತ್ತದೋ ನೋಡೋಣ ಎಂದು ಕಾಯುತ್ತಾನೆ. ಮರಿ ತಾನೇ ಹಿಂದಿರುಗುತ್ತದೆ. ಕ್ರಷ್ ಮಗನ ಮೇಲಿಂದ ಕಣ್ಣು ತೆಗೆದಿರಲಿಲ್ಲ ಎಂಬುದನ್ನು ನಾಲ್ಕನೆಯ ಕಾಲಂ ಪಕ್ಕದಲ್ಲಿ ಬರೆದುಕೊಳ್ಳಿ.

ಹಂತ 5: ಒಂದು ವಾಕ್ಯ ಬರೆಯುವುದು

ಕೆಟ್ಟ ವಾಕ್ಯ: “ಅತಿಯಾದ ಪ್ರೀತಿ ಒಳ್ಳೆಯದಲ್ಲ.” ಇದಕ್ಕೆ ಸಿನಿಮಾ ನೋಡಬೇಕಾಗಿರಲಿಲ್ಲ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಮನೆಯಲ್ಲೇ ಇತ್ತು. ಕೆಲಸಕ್ಕೆ ಬರುವ ವಾಕ್ಯ ಹೀಗಿರುತ್ತದೆ: “ನನಗೆ ಹೆದರಿಕೆಯಾದಾಗ ‘ನನಗೆ ಹೆದರಿಕೆ’ ಎಂದೇ ಹೇಳುತ್ತೇನೆ, ‘ನಿನ್ನ ಕೈಲಿ ಆಗಲ್ಲ’ ಎನ್ನುವುದಿಲ್ಲ.”

ಬರೆದ ವಾಕ್ಯವನ್ನು ಮೂರು ಕಡೆ ಒರೆಗೆ ಹಚ್ಚಿ. ಬರುವ ಮಂಗಳವಾರ ಅದನ್ನು ಮಾಡಲು ಸಾಧ್ಯವೇ? ಅದರ ಕರ್ತೃ “ನಾನು” ಆಗಿದೆಯೇ? “ಅತ್ತೆ ಅರ್ಥ ಮಾಡಿಕೊಳ್ಳಬೇಕು” ಎಂಬುದು ದೂರು, ಪಾಠವಲ್ಲ. ಅದನ್ನು ಬೆಂಬಲಿಸುವ ಎರಡು ದೃಶ್ಯ ತೋರಿಸಬಲ್ಲಿರಾ? ಒಂದರಲ್ಲಾದರೂ ಸೋತ ವಾಕ್ಯವನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಮೂರು ನಾಲ್ಕು ಸಲ ತಿದ್ದಬೇಕಾಗುವುದು ಸಹಜ.

ಇನ್ನೊಂದು ಎಚ್ಚರ. ಕಥೆಯ ಅದೃಷ್ಟವನ್ನು ಬದುಕಿನ ನಿಯಮವೆಂದು ಬರೆದುಕೊಳ್ಳಬೇಡಿ. ವಿಶಾಲ ಸಮುದ್ರದಲ್ಲಿ ಅಪ್ಪ ಮಗನನ್ನು ಹುಡುಕಿಬಿಡುತ್ತಾನೆ. ಪಟ್ಟು ಬಿಡದಿದ್ದರೆ ಎಲ್ಲವೂ ಸಿಗುತ್ತದೆ ಎಂದು ಅದರಿಂದ ಸಾಬೀತಾಗುವುದಿಲ್ಲ. ಚಿತ್ರಕಥೆಗೆ ಬೇಕಿತ್ತು, ಸಿಕ್ಕಿತು. ಪಾತ್ರ ತಾನೇ ಮಾಡಿದ್ದರಿಂದ ಬಂದ ಫಲವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 6: ಒಂದು ವಾರದ ಕೆಲಸ

ಹೆಚ್ಚಿನವರು ಕೈಬಿಡುವುದು ಇಲ್ಲೇ. ಪಾಠ ಸಿಕ್ಕ ಖುಷಿಯಲ್ಲಿ ವಾಟ್ಸಾಪ್ ಸ್ಟೇಟಸ್ ಹಾಕಿ ಮುಗಿಸುತ್ತಾರೆ. ಅದರ ಬದಲು ಹೀಗೆ ಮಾಡಿ.

ಮೂರು ದಿನ ಮಗುವಿಗೆ ನೀವು ಹೇಳಿದ “ಬೇಡ”ಗಳನ್ನು ಬರೆದಿಡಿ. ಹತ್ತಾದಾಗ ನಿಲ್ಲಿಸಿ. ಪ್ರತಿಯೊಂದರ ಮುಂದೆ ಒಂದು ಅಕ್ಷರ ಹಾಕಿ: ಜೀವಕ್ಕೆ ಅಪಾಯವಿದ್ದರೆ ಜೀ, ನಿಮ್ಮ ಹೆದರಿಕೆಯಾದರೆ ಹೆ, ನಿಮಗೆ ತೊಂದರೆ ಅಥವಾ ಹೊತ್ತಿಲ್ಲ ಎಂದಾದರೆ ತೊ. “ಕೆರೆಗೆ ಇಳಿಯಬೇಡ” ಜೀ, ಅದನ್ನು ಮುಟ್ಟಬೇಡಿ. “ನೀನು ಚಪಾತಿ ಲಟ್ಟಿಸಬೇಡ, ಹಿಟ್ಟೆಲ್ಲ ಚೆಲ್ಲುತ್ತೀಯ” ತೊ. “ಅಂಗಡಿಗೆ ಒಬ್ಬಳೇ ಹೋಗಬೇಡ” ಹೆ. ಹತ್ತರಲ್ಲಿ ಎಂಟಕ್ಕೆ ಜೀ ಹಾಕಿದ್ದರೆ ಪಟ್ಟಿಯನ್ನು ಮನೆಯ ಇನ್ನೊಬ್ಬರಿಗೆ ತೋರಿಸಿ. ನಮ್ಮ ಹೆದರಿಕೆ ನಮಗೆ ಯಾವಾಗಲೂ ಅಪಾಯದ ಹಾಗೆಯೇ ಕಾಣುತ್ತದೆ.

ಹೆ ಗುಂಪಿನಿಂದ ಒಂದೇ ಒಂದನ್ನು ಆರಿಸಿ ಕ್ರಷ್ ಮಾಡಿದಂತೆ ಬಿಡಿ: ಕಣ್ಣಿಡಿ, ಕೈ ಹಾಕಬೇಡಿ. ಹತ್ತು ವರ್ಷದ ಹುಡುಗಿ ಬೀದಿ ಕೊನೆಯ ಅಂಗಡಿಗೆ ಹೋಗಬೇಕೆಂದಿಟ್ಟುಕೊಳ್ಳಿ. ಮೊದಲ ದಿನ ಜೊತೆಗೆ ಹೋಗಿ, ಮಾತಾಡುವುದು, ದುಡ್ಡು ಕೊಡುವುದು, ಚಿಲ್ಲರೆ ಎಣಿಸುವುದು ಅವಳೇ ಮಾಡಲಿ. ಎರಡನೆಯ ಸಲ ಇಪ್ಪತ್ತು ಹೆಜ್ಜೆ ಹಿಂದಿರಿ. ಮೂರನೆಯ ಸಲ ಗೇಟಿನಲ್ಲಿ ನಿಲ್ಲಿ. ನಾಲ್ಕನೆಯ ಸಲ ಒಳಗಿರಿ. ಕೊತ್ತಂಬರಿ ತರಲು ಹೋಗಿ ಪುದೀನ ತಂದರೆ ಅಂದು ಪುದೀನ ಚಟ್ನಿ ಮಾಡಿ, ಬೈಯಬೇಡಿ. ನಡುವೆ ದೊಡ್ಡ ರಸ್ತೆ ದಾಟಬೇಕಿದ್ದರೆ ಈ ಕೆಲಸ ಬಿಟ್ಟು ಬೇರೆ ಆರಿಸಿ. ವಿಧಾನ ಕೆಡುವುದು ಸಾಮಾನ್ಯವಾಗಿ ಮೊದಲ ಸಲದಿಂದ ನೇರ ನಾಲ್ಕನೆಯ ಸಲದ ರೀತಿಗೆ ಹಾರಿದಾಗ. ಮಗು ಹೆದರಿ ಅಳುತ್ತ ಬರುತ್ತದೆ, “ನೋಡಿದ್ರಾ, ನಾನು ಮೊದಲೇ ಹೇಳಿರಲಿಲ್ಲವಾ” ಎಂದು ಮನೆಯವರೆಲ್ಲ ಹಳೆಯ ಜಾಗಕ್ಕೆ ಮರಳುತ್ತಾರೆ.

ಮಕ್ಕಳು ದೊಡ್ಡವರಾಗಿ ದೂರದ ಊರಿನಲ್ಲೋ ಹೊರದೇಶದಲ್ಲೋ ಇದ್ದರೆ ಪಟ್ಟಿಯನ್ನು ತಿರುಗಿಸಿ. ಈಗ ಮಾರ್ಲಿನ್ ಆಗಿರುವುದು ಬಹುಶಃ ಅವರೇ. “ಅಪ್ಪಾ, ನೀವು ಬ್ಯಾಂಕಿಗೆ ಹೋಗಬೇಡಿ, ನಾನು ಆನ್‌ಲೈನಲ್ಲಿ ಮಾಡ್ತೀನಿ”, “ಅಮ್ಮಾ, ಒಬ್ಬಳೇ ಬಸ್ಸು ಹತ್ತಬೇಡ”. ಹೇಳುವವರಿಗೆ ಅದು ಕಾಳಜಿ. ಕೇಳುವವರಿಗೆ, ಶಾಲೆಯ ಮೊದಲ ದಿನ ನೀಮೋಗೆ ಕೇಳಿಸಿದ್ದೇ ಕೇಳಿಸುತ್ತದೆ. ಇಲ್ಲೂ ಜೀ, ಹೆ, ತೊ ಎಂದು ವಿಂಗಡಿಸಿ. ಕಣ್ಣು ಮಂದವಾಗಿದ್ದರೂ ಸ್ಕೂಟರ್ ಓಡಿಸುವುದು ಜೀ, ಅದನ್ನು ಡಾಕ್ಟರ ಸಲಹೆ ಕೇಳಿ ತೀರ್ಮಾನಿಸಿ. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ನಾಲ್ಕು ಜನರನ್ನು ಮಾತಾಡಿಸಿ ಬರುವುದು ಜೀ ಅಲ್ಲ.

ನಾಯಕ ತಪ್ಪೇ ಮಾಡದಿದ್ದರೆ?

ಕನ್ನಡದ ಸಾಂಸಾರಿಕ ಚಿತ್ರಗಳಲ್ಲಿ ಈ ತೊಡಕು ಬರುತ್ತದೆ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ, 1972ರ ‘ಬಂಗಾರದ ಮನುಷ್ಯ’ ತೆಗೆದುಕೊಳ್ಳಿ. ಭಾವ ತೀರಿಕೊಂಡ ಮೇಲೆ ರಾಜೀವ ಅಕ್ಕನ ಸಂಸಾರ ಹೊರುತ್ತಾನೆ, ಬರಡು ನೆಲ ಹಸನು ಮಾಡುತ್ತಾನೆ, ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ಡಾ. ರಾಜ್‌ಕುಮಾರ್ ಮಾಡಿದ ಆ ಪಾತ್ರದ ಎದುರು “ಏನು ತಪ್ಪು ಮಾಡಿದ?” ಎಂದು ಕೇಳಲು ಮನಸ್ಸೇ ಬರುವುದಿಲ್ಲ. ಹಾಗಿದ್ದಾಗ ಪ್ರಶ್ನೆಯನ್ನು ಬದಲಿಸಿ: ಅವನ ಒಳ್ಳೆಯತನ ಏನನ್ನು ಹೇಳದೆ ಬಿಟ್ಟಿತು?

ಭಾವನಿಗೆ ಇನ್ನೊಂದು ಸಂಸಾರವಿತ್ತು. ಅಕ್ಕನಿಗೆ ನೋವಾಗದಿರಲೆಂದು ರಾಜೀವ ಅದನ್ನು ಮುಚ್ಚಿಟ್ಟು, ಆ ಸಂಸಾರವನ್ನೂ ನೋಡಿಕೊಳ್ಳುತ್ತಾನೆ. ಅವನು ಹೋಗಿಬರುವುದು ಕಂಡವರಿಗೆ ಸಂಶಯ. ಓದಿ ಬಂದ ಅಕ್ಕನ ಮಗ ಕೇಶವ ಊಟಕ್ಕೆ ಕೂತ ಹೊತ್ತಿನಲ್ಲಿ ಅವಮಾನ ಮಾಡುತ್ತಾನೆ. ರಾಜೀವ ಒಂದು ಮಾತೂ ಬಿಡಿಸಿ ಹೇಳದೆ ಮನೆ ಬಿಟ್ಟು ನಡೆದುಬಿಡುತ್ತಾನೆ. ನಿಜ ಗೊತ್ತಾಗುವುದು ಆಮೇಲೆ. ನಾಲ್ಕನೆಯ ಕಾಲಂ ತುಂಬಿಸಿ: ಪೆಟ್ಟು ರಾಜೀವನಿಗಷ್ಟೇ ಅಲ್ಲ, ಅಕ್ಕನಿಗೂ, ಜೀವನಪೂರ್ತಿ ತಪ್ಪಿನ ಭಾರ ಹೊರಬೇಕಾದ ಕೇಶವನಿಗೂ. ತ್ಯಾಗವನ್ನು ಕೊಂಡಾಡುತ್ತ ಬೆಳೆದ ನಮಗೆ ಮೌನದ ಬೆಲೆ ಎಣಿಸುವ ಅಭ್ಯಾಸ ಕಡಿಮೆ. ಅದಕ್ಕೇ ಈ ಚಿತ್ರವನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಬೇಕು. ಹೀಗೆ ನೋಡಿದರೆ ರಾಜೀವನ ಮೇಲಿನ ಗೌರವ ಕಡಿಮೆಯಾಗುವುದಿಲ್ಲ.

ಇದರ ವಾರದ ಕೆಲಸ ಒಂದು ಭಾನುವಾರದ ಎರಡು ಗಂಟೆ. ಪಹಣಿ, ಖಾತೆ, ಸಾಲದ ಪತ್ರ, ವಿಮೆ, ಬ್ಯಾಂಕ್ ನಾಮಿನಿ ಯಾರು, ಯಾರಿಗೆ ಕೈಸಾಲ ಕೊಟ್ಟಿದ್ದೇವೆ, ಯಾರಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೇವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ವಯಸ್ಸಿಗೆ ಬಂದ ಮಕ್ಕಳ ಎದುರು ಓದಿ. ಆಸ್ತಿ ಮಾತು ಜಗಳವಾಗುವುದು ಸಿಟ್ಟು ಬಂದ ದಿನ ಎತ್ತಿದಾಗ, ಇಲ್ಲವೇ ಹಬ್ಬಕ್ಕೆ ಬಂದ ನೆಂಟರ ಮುಂದೆ ಎತ್ತಿದಾಗ. ಎಲ್ಲರಿಗೂ ಹೊಟ್ಟೆ ತುಂಬಿದ, ಯಾರಿಗೂ ಹೊರಡುವ ಅವಸರವಿಲ್ಲದ ಮಧ್ಯಾಹ್ನ ಆರಿಸಿ.

ಮಕ್ಕಳನ್ನು ಕೇಳುವುದು

ನಿಮ್ಮ ಪುಟ ತುಂಬಿದ ಮೇಲೆಯೇ ಮಕ್ಕಳ ಜೊತೆ ಮಾತಾಡಿ. “ಯಾಕೆ ಹಾಗೆ ಮಾಡಿದ?” ಎಂದು ಕೇಳಿದರೆ ಮಕ್ಕಳು ಪರೀಕ್ಷೆಗೆ ಕೂತವರಂತೆ ಸರಿಯುತ್ತರ ಹುಡುಕುತ್ತಾರೆ. “ಅಪ್ಪ ಮೀನು ಯಾವಾಗ ನಿನಗೆ ಇಷ್ಟವಾಗಲಿಲ್ಲ?” ಎಂದು ಕೇಳಿ. ಒಂದೇ ಪ್ರಶ್ನೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅಷ್ಟರವರೆಗೆ ಬಾಯಿ ಬಿಡಬೇಡಿ. ಬಂದ ಉತ್ತರ ನಿಮ್ಮ ಬಗ್ಗೆಯೇ ಇರಬಹುದು. “ನೀವೂ ಹಂಗೇ ಮಾಡ್ತೀರಲ್ಲ, ರೋಹನ್ ಮುಂದೆ” ಎಂದರೆ “ಹೌದು ಕಂದಾ, ಮಾಡ್ತೀನಿ” ಎಂದು ಒಪ್ಪಿಕೊಂಡು ನಿಲ್ಲಿಸಿ. ಆ ಹೊತ್ತಿನಲ್ಲಿ ಕೊಡುವ ವಿವರಣೆ ಮಗುವಿಗೆ ಸಮಜಾಯಿಷಿಯಾಗಿಯೇ ಕೇಳುತ್ತದೆ.

ಗಂಡನಿಗೋ ಹೆಂಡತಿಗೋ ಸಿನಿಮಾ ತೋರಿಸಿ “ಇದು ನೀನೇ” ಎಂದು ಚುಚ್ಚುವುದು ಈ ಕೆಲಸವನ್ನು ಹಾಳುಮಾಡುವ ಅತ್ಯಂತ ಸುಲಭದ ದಾರಿ. ಅವರ ಕಾಲಂ ಅವರೇ ತುಂಬಲಿ.

ಅಭ್ಯಾಸವಾದ ಮೇಲೆ ಮಗುವಿನ ತ್ಯಾಗವನ್ನು ಹೊಗಳುವ ಚಿತ್ರಗಳಿಗೆ ಬನ್ನಿ. ಅವು ಇನ್ನೂ ಕಷ್ಟ. 1985ರ, ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಬೆಟ್ಟದ ಹೂವು’ ಚಿತ್ರದ ರಾಮು ಬೆಟ್ಟದಲ್ಲಿ ಹೂವು ಹುಡುಕಿ ಕೊಟ್ಟು, ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ದುಡ್ಡು ಕೂಡಿಡುತ್ತಾನೆ. ಕೊನೆಗೆ ಮನೆಯವರ ಚಳಿಗೆ ಕಂಬಳಿ ತರುತ್ತಾನೆ. ಪುನೀತ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಅತ್ತು ಮುಗಿಸಿದ ಮೇಲೆ ಕಾಲಂಗೆ ಬನ್ನಿ: ಆ ಕಂಬಳಿ ತರಬೇಕಾದವರು ಯಾರು, ಅವರಿಗೆ ಯಾಕೆ ಆಗಲಿಲ್ಲ? ನಿಮ್ಮ ಮನೆಯಲ್ಲಿ “ನನ್ನ ಮಗಳು ಬಹಳ ಜವಾಬ್ದಾರಿಯವಳು, ಏನೂ ಕೇಳಲ್ಲ” ಎಂದು ಹೊಗಳಿಸಿಕೊಳ್ಳುವ ಮಗುವಿದ್ದರೆ ಈ ವಾರ ಅವಳ ಪಕ್ಕ ಕೂತು, ಬೇಕು ಎನಿಸಿಯೂ ಕೇಳದೆ ಬಿಟ್ಟದ್ದು ಏನೆಂದು ವಿಚಾರಿಸಿ. “ಏನಿಲ್ಲಮ್ಮ” ಎಂಬ ಮೊದಲ ಉತ್ತರಕ್ಕೆ ಎದ್ದು ಹೋಗಬೇಡಿ.